ಮೋಟಾರ್‌ಸೈಕಲ್ ಎಳೆಯುವ ಮಲಗುಬಂಡಿ

ಪ್ರಶ್ನೆ: ಬೈಕಿಗೆ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಹೆಮ್ಮರಗಾಲದ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಹೋಗಬಹುದೇ?

ಉತ್ತರ: ಮಡಚಿದ ಗುಡಾರವನ್ನೂ ಹಾಸಿಗೆಯನ್ನೂ ಒಳಗೊಂಡ ಸಣ್ಣ ಹಿಂಬಂಡಿಯೇ ಕ್ಯಾಂಪರ್ ಟ್ರೇಲರ್, ಅಮೆರಿಕದಲ್ಲಿ ಹೋಂಡಾ ಗೋಲ್ಡ್ ವಿಂಗ್‌ನಂತಹ ಭಾರೀ ಬೈಕುಗಳ ಸವಾರರು ಇದನ್ನು ಎಳೆದೊಯ್ಯುತ್ತಾರೆ. ತಿರುವಿನಲ್ಲಿ ಬೈಕು ವಾಲಿದರೂ ಎರಡು ಚಕ್ರದ ಟ್ರೇಲರ್ ವಾಲುವುದಿಲ್ಲವಾದ್ದರಿಂದ, ಇವೆರಡನ್ನೂ ಸೇರಿಸುವ ಕೊಂಡಿ ಸುತ್ತ ಹೊರಳುವಂತಿರಬೇಕು. ಇದಕ್ಕಿಂತ ಮುಖ್ಯವಾದುದು ಭಾರದ ಹಂಚಿಕೆ. ಎತ್ತಿನ ಗಾಡಿ ಹಿಂಭಾರವಾದಾಗ ಮೂಕಿ, ಎಂದರೆ ನೊಗಕ್ಕೆ ಸೇರುವ ಉದ್ದನೆಯ ಮರ, ಮೇಲೆದ್ದು ಎತ್ತುಗಳ ಕೊರಳು ಬಿಗಿಯುವಂತೆ, ಟ್ರೇಲರಿನ ಹಿಂಬದಿಗೆ ಹೆಚ್ಚು ಸಾಮಾನು ತುಂಬಿದರೆ ಬೈಕಿನ ಹಿಂಚಕ್ರದ ಹಿಡಿತ ಸಡಿಲಗೊಂಡು ವಾಹನ ಅತ್ತಿತ್ತ ಓಲಾಡತೊಡಗುತ್ತದೆ. ಆದಕಾರಣ ಟ್ರೇಲರಿನ ಒಟ್ಟು ತೂಕದ ಸುಮಾರು ಹತ್ತರಲ್ಲೊಂದು ಪಾಲು ಕೊಂಡಿಯ ಮೇಲಿರುವಂತೆ ಜೋಡಿಸುವುದು ವಾಡಿಕೆ. ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರವೂ ಹೆಚ್ಚುತ್ತದೆ. ಹೆಮ್ಮರಗಾಲವಿರುವ ನಂಜನಗೂಡು ತಾಲ್ಲೂಕಿನ ಕಿರಿದಾದ ಹಳ್ಳಿ ರಸ್ತೆಗಳಲ್ಲಿ, ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರಾದಾಗ, ಇದು ನಿಜಕ್ಕೂ ಅಪಾಯಕಾರಿ.

1988ರ ಮೋಟಾರು ವಾಹನ ಕಾಯ್ದೆ ಸೈಡ್‌ಕಾರನ್ನು ಮೋಟಾರ್‌ಸೈಕಲ್ಲಿನ ಭಾಗವೆಂದು ಎಣಿಸಿ, ಟ್ರೇಲರನ್ನು ಬೇರೆ ವಾಹನವಾಗಿಯೇ ಕಾಣುವುದಲ್ಲದೆ ನೋಂದಣಿಯ ನಿಯಮಗಳನ್ನು ಅದಕ್ಕೂ ಅನ್ವಯಿಸುತ್ತದೆ. ಆದ್ದರಿಂದ ಆಸಕ್ತರು ಟ್ರೇಲರ್ ಕೊಳ್ಳುವ ಇಲ್ಲವೇ ಮಾಡಿಸುವ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು.