ಗೊಂಬೆ ತಂದ ದೂರು

ಮೂರು ವರ್ಷದ ಮಗುವಿಗೆ ಬಣ್ಣ, ಜಾತಿ, ಮೇಲು ಕೀಳು ಎಲ್ಲ ಎಲ್ಲಿ ಗೊತ್ತಾಗುತ್ತದೆ ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ. ಆದರೆ ಗೊತ್ತಾಗುತ್ತದೆ. 1940ರ ಸುಮಾರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್, ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ಥರದ ಗೊಂಬೆಗಳನ್ನಿಟ್ಟರು. ಚೆಂದದ ಗೊಂಬೆ ಯಾವುದು, ಕೆಟ್ಟದ್ದು ಯಾವುದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯನ್ನೇ ಚೆಂದ ಎಂದರು. ಶಾಲೆಗಳಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಇಡುವುದು ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ತೀರ್ಪಿನಲ್ಲಿ ಕೆನೆತ್ ಕ್ಲಾರ್ಕ್ ಅವರ ಬರಹದ ಉಲ್ಲೇಖವಿದೆ.

ಬಿಳಿಯೇ ಚೆಂದ ಎಂದು ಆ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ನಮ್ಮಲ್ಲೂ ಅಷ್ಟೇ. "ಬಿಸಿಲಿಗೆ ಹೋಗಬೇಡ ಪುಟ್ಟಿ, ಕಪ್ಪಾಗ್ತೀಯ" ಎಂಬ ಅಕ್ಕರೆಯ ಮಾತಿನಿಂದ, ಯಾರ ಮನೆಯಲ್ಲಿ ನೀರು ಕುಡಿಯಬಾರದು ಎಂಬ ಕಣ್ಸನ್ನೆಯಿಂದ ಮಗು ಕಲಿತುಬಿಡುತ್ತದೆ. "ಎಲ್ಲರೂ ಒಂದೇ" ಎಂಬ ಉಪದೇಶ ಇದರ ಮುಂದೆ ನಿಲ್ಲುವುದಿಲ್ಲ. ಏಕೆಂದರೆ ಎಲ್ಲರೂ ಒಂದೇ ಥರ ಇಲ್ಲ ಎನ್ನುವುದು ಮಗುವಿಗೆ ಕಣ್ಣಾರೆ ಕಾಣುತ್ತಿರುತ್ತದೆ. ಕ್ಯಾಲಿಫೋರ್ನಿಯಾದ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಮತ್ತು ಸಂಗಡಿಗರು 1989ರಲ್ಲಿ ಪುಟಾಣಿಗಳ ಶಿಕ್ಷಕರಿಗಾಗಿ ತಂದ ಕೈಪಿಡಿಯ ಒತ್ತು ಇಲ್ಲೇ ಇದೆ: ವ್ಯತ್ಯಾಸಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿ, ಅನ್ಯಾಯ ಕಂಡಾಗ ಅದನ್ನು ಗುರುತಿಸಲು, ಎದುರಿಸಲು ಮಕ್ಕಳಿಗೆ ಕಲಿಸಿ. ಅದಕ್ಕೆ ಅವರು ಬಳಸಿದ ಸಾಧನಗಳಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಂಡದ್ದು 'ಪರ್ಸೋನಾ ಡಾಲ್', ಅಂದರೆ ಹೆಸರು, ಮನೆ, ಕತೆ ಎಲ್ಲ ಇರುವ ಗೊಂಬೆ.

ಇದು ಆಟದ ಮೂಲೆಯ ಗೊಂಬೆಯಲ್ಲ. ಟೀಚರ್ ಬಳಿಯೇ ಇರುತ್ತದೆ, ಆಗಾಗ ತರಗತಿಗೆ 'ಬರುತ್ತದೆ'. ಬೆಂಗಳೂರಿನ ಒಂದು ಅಂಗನವಾಡಿಗೆ ರೇಣುಕಾ ಎಂಬ ಗೊಂಬೆ ಬಂತು ಎಂದುಕೊಳ್ಳೋಣ. ಅವಳ ಊರು ಯಾದಗಿರಿ ಕಡೆ. ಅಪ್ಪ ಅಮ್ಮ ಗಾರೆ ಕೆಲಸಕ್ಕೆ ಬಂದವರು, ತಗಡಿನ ಶೆಡ್ಡಿನಲ್ಲಿ ವಾಸ. ಅವಳಿಗೆ ಜೋಳದ ರೊಟ್ಟಿ ಇಷ್ಟ, ನಾಯಿ ಕಂಡರೆ ಹೆದರಿಕೆ. ಮೊದಲ ಸಲ ಇಷ್ಟೇ ಪರಿಚಯ. ಕಷ್ಟದ ಮಾತೇ ಬೇಡ. ಅನೇಕರು ಎಡವುವುದು ಇಲ್ಲಿಯೇ. ಮೊದಲ ದಿನವೇ ಅಳುತ್ತ ಬಂದರೆ ಮಕ್ಕಳ ಮನಸ್ಸಿನಲ್ಲಿ ಅವಳು 'ಪಾಪದ ಹುಡುಗಿ' ಆಗಿಬಿಡುತ್ತಾಳೆ, ಗೆಳತಿ ಆಗುವುದಿಲ್ಲ.

ಮಕ್ಕಳಿಗೆ ಸಲುಗೆ ಬೆಳೆದ ಮೇಲೆ ಒಂದು ದಿನ ರೇಣುಕಾ ಸಪ್ಪೆ ಮುಖ ಮಾಡಿಕೊಂಡು ಬರುತ್ತಾಳೆ. ಟೀಚರ್ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಬಾಯಿಗೆ ಕಿವಿಗೊಟ್ಟು ಕೇಳಿಸಿಕೊಂಡು, ಮಕ್ಕಳಿಗೆ ಹೇಳುತ್ತಾರೆ: "ಉದ್ಯಾನದಲ್ಲಿ ಒಬ್ಬ ಹುಡುಗ, ನೀನು ಕಪ್ಪು, ನಿನ್ನ ಕೈ ಹಿಡಿಯಲ್ಲ ಅಂದನಂತೆ. ರೇಣುಕಾಗೆ ಹೇಗೆ ಅನ್ನಿಸಿರಬೇಕು?" ಅಳು ಬಂದಿರುತ್ತೆ, ಸಿಟ್ಟು ಬಂದಿರುತ್ತೆ ಎಂದು ಮಕ್ಕಳೇ ಹೇಳತೊಡಗುತ್ತಾರೆ. "ನಿಮಗೂ ಯಾವತ್ತಾದರೂ ಹೀಗಾಗಿದೆಯಾ?" ಎಂದರೆ ಸುಮ್ಮನಿದ್ದ ಮಗುವೂ ಬಾಯಿ ಬಿಡಬಹುದು. "ಈಗ ಅವಳೇನು ಮಾಡಬೇಕು? ನೀವು ಅಲ್ಲಿದ್ದಿದ್ದರೆ ಏನು ಮಾಡ್ತಿದ್ರಿ?" ಎಂಬುದು ಕೊನೆಯ, ಮುಖ್ಯವಾದ ಪ್ರಶ್ನೆ. "ಹೊಡೀಬೇಕು" ಎಂದು ಒಬ್ಬ ಹೇಳಿಯೇ ಹೇಳುತ್ತಾನೆ. ಗದರಬಾರದು. "ಹೊಡೆದರೆ ಆಮೇಲೆ ಏನಾಗುತ್ತೆ?" ಎಂದು ಕೇಳಿ ಉಳಿದವರಿಗೆ ಬಿಡಬೇಕು. ನಾನು ಅವಳ ಕೈ ಹಿಡೀತೀನಿ, ಹಾಗನ್ನಬೇಡ ಅಂತ ಅವನಿಗೆ ಹೇಳ್ತೀನಿ ಎಂಬ ಉತ್ತರಗಳು ಅಲ್ಲಿಂದಲೇ ಹುಟ್ಟುತ್ತವೆ. ಮುಂದಿನ ಸಲ ರೇಣುಕಾ ಬಂದಾಗ ಆ ಉಪಾಯದಿಂದ ಏನಾಯಿತೆಂದು ತಪ್ಪದೆ ಹೇಳಬೇಕು. ತಾವು ಹೇಳಿದ್ದು ಕೆಲಸಕ್ಕೆ ಬಂತು ಎಂದು ಮಕ್ಕಳಿಗೆ ತಿಳಿಯಬೇಕು.

ಗೊಂಬೆಯ ಕತೆ ತರಗತಿಯಲ್ಲಿರುವ ಯಾವ ಮಗುವಿನ ಕತೆಯ ಪಡಿಯಚ್ಚೂ ಆಗಬಾರದು. ಹಾಗಾದರೆ ಎಲ್ಲರ ಕಣ್ಣು ಆ ಮಗುವಿನ ಮೇಲೆ ಬೀಳುತ್ತದೆ. ಗೊಂಬೆ ಬಳಸುವುದೇ ಅದನ್ನು ತಪ್ಪಿಸಲು. ಗೊಂಬೆಯೇ ಮಾತಾಡಿದಂತೆ ಕೀರಲು ದನಿ ತೆಗೆದು ನಗಿಸುವುದೂ ಬೇಡ.

ಜೊತೆಗೆ ಇನ್ನೊಂದು ಚಟುವಟಿಕೆ ಮಾಡಿಸಬಹುದು. ತಿಳಿಗುಲಾಬಿ ಕ್ರೆಯಾನನ್ನು ನಮ್ಮ ಮಕ್ಕಳು 'ಸ್ಕಿನ್ ಕಲರ್' ಎನ್ನುತ್ತಾರೆ. ಅದನ್ನು ಬದಿಗಿಟ್ಟು ಕಂದು, ಹಳದಿ, ಬಿಳಿ, ಕೆಂಪು ಬಣ್ಣ ಕಲಸಿ, ಮುಂಗೈ ಪಕ್ಕ ಹಿಡಿದು ತಮ್ಮ ತಮ್ಮ ಬಣ್ಣ ಹುಡುಕಲಿ. ಒಬ್ಬೊಬ್ಬರದು ಒಂದೊಂದು ಕಂದು ಎಂದು ಅವರೇ ಕಂಡುಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿ, ಮಧ್ಯಾಹ್ನದ ಊಟಕ್ಕೆ ಕೆಲವು ಮಕ್ಕಳನ್ನು ಸಾಲಿನ ಕೊನೆಗೆ ಕೂರಿಸಿದರೆ ಗೊಂಬೆಯ ಮಾತನ್ನು ಯಾವ ಮಗುವೂ ನಂಬುವುದಿಲ್ಲ.

ಗೊಂಬೆಗೆ ದುಡ್ಡು ಸುರಿಯಬೇಕಿಲ್ಲ. ಹಳೆಯ ಕಂದು ಬಟ್ಟೆ, ಒಳಗೆ ತುಂಬಲು ಹತ್ತಿ, ಎರಡಡಿ ಎತ್ತರ, ಮಕ್ಕಳು ತೊಡುವಂಥದ್ದೇ ಅಂಗಿ ಸಾಕು. ನಿಮ್ಮ ಬೀದಿಯ ಅಂಗನವಾಡಿಗೆ ಒಂದು ಹೊಲಿದು ಕೊಡಿ, ಹೇಗೆ ಬಳಸುವುದೆಂದು ಟೀಚರ್ ಜೊತೆ ಕೂತು ಮಾತಾಡಿ.