ಮೀಟರ್ ಹೇಳದ ಮಾತು: ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಎಂಜಿನ್ ಎಷ್ಟು ದಿನ ಬಾಳುತ್ತದೆ?

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೋದವರು ಮೊದಲು ನೋಡುವುದು ಕಿಲೋಮೀಟರ್ ಮೀಟರನ್ನು. ನಲವತ್ತು ಸಾವಿರ ಎಂದಿದ್ದರೆ ಮುಖ ಅರಳುತ್ತದೆ. ಎರಡು ಲಕ್ಷ ಎಂದಿದ್ದರೆ ಬಾಗಿಲು ಮುಚ್ಚಿ ಮುಂದಿನ ಕಾರಿನ ಕಡೆ ನಡೆಯುತ್ತಾರೆ. ಟ್ಯಾಕ್ಸಿಯಾಗಿ ಓಡಿದ ಗಾಡಿ ಎಂದರಂತೂ ಮಾತುಕತೆ ಅಲ್ಲಿಗೇ ಮುಗಿಯಿತು. ಈ ಭಯದಲ್ಲಿ ಎಷ್ಟು ನಿಜವಿದೆ, ಎಷ್ಟು ತಪ್ಪಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಎಂಜಿನ್ ಇಳಿಸಿ ಬೋರ್ ಮಾಡಿಸುವ ಖರ್ಚು ಮಧ್ಯಮ ವರ್ಗದ ಸಂಸಾರಕ್ಕೂ, ಕಂತು ಕಟ್ಟುತ್ತ ಗಾಡಿ ಓಡಿಸುವ ಚಾಲಕನಿಗೂ ಸಣ್ಣ ಹೊರೆಯಲ್ಲ.

ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ಇದರ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಮುಂದೆ ಹೋದರೆ ಬಿಡದಿ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ ಅಲ್ಲಿನ ಕಾರ್ಖಾನೆಯಲ್ಲಿ ತಯಾರಿಸಿದ ಕ್ವಾಲಿಸ್ 2000ನೇ ಇಸವಿಯಲ್ಲಿ ಮಾರುಕಟ್ಟೆಗೆ ಬಂತು. 2005ರಲ್ಲಿ ಅದರ ತಯಾರಿಕೆ ನಿಂತು ಇನ್ನೋವಾ ಬಂತು. ಹಗಲು ಪ್ರವಾಸಿಗರನ್ನೂ ರಾತ್ರಿ ಕಾಲ್ ಸೆಂಟರ್ ನೌಕರರನ್ನೂ ಹೊತ್ತು, ಎಂಜಿನ್ ಆರುವುದಕ್ಕೂ ಬಿಡುವಿಲ್ಲದಂತೆ ದುಡಿದ ಗಾಡಿಗಳಿವು. ತಯಾರಿಕೆ ನಿಂತ ಎಷ್ಟೋ ವರ್ಷಗಳ ಮೇಲೂ ಕ್ವಾಲಿಸ್‌ಗಳು ರಸ್ತೆಯ ಮೇಲೆ ಓಡಾಡುತ್ತಲೇ ಇದ್ದವು. ಹೆಚ್ಚು ದುಡಿದ ಎಂಜಿನ್ ಬೇಗ ಸಾಯಬೇಕಲ್ಲವೇ? ಹಾಗಾಗಲಿಲ್ಲ ಏಕೆ?

ಒಂದು ಸಣ್ಣ ಲೆಕ್ಕ

ಮೊದಲು ಎಂಜಿನ್ ಪಡುವ ಪಾಡನ್ನು ಲೆಕ್ಕ ಹಾಕೋಣ. ಒಂದು ಕಿಲೋಮೀಟರಿಗೆ ಕ್ರ್ಯಾಂಕ್ ಶಾಫ್ಟ್ ಸುಮಾರು 2000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಲಕ್ಷ ಕಿಲೋಮೀಟರಿಗೆ 40 ಕೋಟಿ ಸುತ್ತು. ಕ್ವಾಲಿಸ್‌ನ 2446 ಸಿ.ಸಿ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿನಿಂದ ಕೆಳಗೆ 92 ಮಿ.ಮೀ. ಚಲಿಸುತ್ತದೆ. ಸುತ್ತಿಗೆ ಒಮ್ಮೆ ಹೋಗಿ ಒಮ್ಮೆ ಬರಬೇಕು. ಅಂದರೆ ಪ್ರತಿಯೊಂದು ಪಿಸ್ಟನ್ನೂ ಸಿಲಿಂಡರಿನ ಒಳಗೇ 73,600 ಕಿಲೋಮೀಟರ್ ಉಜ್ಜಿಕೊಂಡು ಓಡಿರುತ್ತದೆ. ಇದು ಭೂಮಿಯನ್ನು ಒಂದೂಮುಕ್ಕಾಲು ಸುತ್ತಿಗಿಂತ ಹೆಚ್ಚು ಸುತ್ತಿದಷ್ಟು ದೂರ.

ಲೋಹಕ್ಕೆ ಲೋಹ ನೇರವಾಗಿ ತಾಗುತ್ತಿದ್ದರೆ ಯಾವ ಉಕ್ಕೂ ಇದನ್ನು ತಡೆಯುತ್ತಿರಲಿಲ್ಲ. ಗುಟ್ಟು ಇರುವುದು ನಡುವಿನ ಎಣ್ಣೆಯಲ್ಲಿ. ಶಾಫ್ಟ್ ತಿರುಗುವಾಗ ತನ್ನ ಸುತ್ತಲಿನ ಎಣ್ಣೆಯನ್ನು ಬೇರಿಂಗಿನ ಸಂದಿಗೆ ಎಳೆದುಕೊಳ್ಳುತ್ತದೆ. ಆ ಎಣ್ಣೆಯ ಒತ್ತಡವೇ ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯ ಮೇಲೆ ಟೈರು ಜಾರುವುದೂ ಇದೇ ತತ್ವದಿಂದ. ಅಲ್ಲಿ ಅಪಾಯ, ಇಲ್ಲಿ ಉಪಕಾರ. ಈ ಪದರ ಕೂದಲೆಳೆಗಿಂತ ಹತ್ತಾರು ಪಟ್ಟು ತೆಳುವು. ಅದು ಹರಿಯದೆ ಇರುವವರೆಗೆ ಸವೆತ ಬಹಳ ಕಡಿಮೆ.

ಹಾಗಾದರೆ ಅದು ಹರಿಯುವುದು ಯಾವಾಗ? ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ: ಎಂಜಿನ್ ತಣ್ಣಗಿದ್ದು ಸ್ಟಾರ್ಟ್ ಆಗುವಾಗ, ಎಣ್ಣೆ ಕೆಟ್ಟಾಗ, ಮತ್ತು ಎಂಜಿನ್ ಮಿತಿಮೀರಿ ಕಾದಾಗ.

ಹತ್ತಿರದ ಓಡಾಟವೇ ದೊಡ್ಡ ಶತ್ರು

ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎಣ್ಣೆ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದಾಗ ಪಂಪು ಅದನ್ನು ಮೇಲಕ್ಕೆ ತಲುಪಿಸುವ ತನಕ ಭಾಗಗಳು ಹೆಚ್ಚು ಕಡಿಮೆ ಒಣಗಿದಂತೆಯೇ ಉಜ್ಜಿಕೊಳ್ಳುತ್ತವೆ. ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತುಳಿದು ರೇಸ್ ಮಾಡುವ ಅಭ್ಯಾಸ ಎಂಜಿನ್ನಿಗೆ ಮಾಡುವ ಅಪಚಾರ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಅದು ಆವಿಯಾಗಿ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಅದರಲ್ಲಿ ಸ್ವಲ್ಪ ಭಾಗ ಒಳಗೇ ಹನಿಯಾಗಿ, ಅರೆಬರೆ ಉರಿದ ಇಂಧನದೊಡನೆ ಎಣ್ಣೆಗೆ ಸೇರುತ್ತದೆ. ಎಣ್ಣೆ ಆಮ್ಲೀಯವಾಗುತ್ತದೆ, ಕೆಸರುಗಟ್ಟುತ್ತದೆ. ಬಸವೇಶ್ವರನಗರದ ಮನೆಯಿಂದ ರಾಜಾಜಿನಗರದ ಶಾಲೆಗೆ ಮಗುವನ್ನು ಬಿಟ್ಟು ಬರುವ ಕಾರನ್ನು ನೆನೆಯಿರಿ. ರೇಡಿಯೇಟರಿನ ನೀರು ಕಾಯುವಷ್ಟರಲ್ಲಿ ಶಾಲೆ ಬಂತು. ಎಣ್ಣೆ ಕಾಯಲು ಇನ್ನೂ ಹೆಚ್ಚು ಹೊತ್ತು ಬೇಕು. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೂ ಆ ಎಂಜಿನ್ ಸುಖವಾಗಿಲ್ಲ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಿಗಂತೂ ಇಂಥ ಓಡಾಟ ಇನ್ನೂ ಕಷ್ಟ. ಅವುಗಳ ಹೊಗೆ ಸೋಸುವ ಫಿಲ್ಟರ್ ತನ್ನ ಮಸಿಯನ್ನು ಸುಟ್ಟುಕೊಳ್ಳಲು ದೀರ್ಘ ಓಟದ ಬಿಸಿ ಬೇಕು.

ಟ್ಯಾಕ್ಸಿ ಗೆಲ್ಲುವುದು ಇಲ್ಲಿಯೇ. ದಿನಕ್ಕೆ ಒಂದೆರಡು ಸಲ ಮಾತ್ರ ತಣ್ಣಗಿದ್ದು ಸ್ಟಾರ್ಟ್ ಆಗುತ್ತದೆ. ಆಮೇಲೆ ದಿನವಿಡೀ ಬಿಸಿಯಾಗಿಯೇ ಇರುತ್ತದೆ. ಅಮೆರಿಕದ ಅರ್ವ್ ಗಾರ್ಡನ್ ಎಂಬ ನಿವೃತ್ತ ಶಿಕ್ಷಕರು 1966ರಲ್ಲಿ ಕೊಂಡ ವೋಲ್ವೋ ಕಾರನ್ನು 2013ರ ಹೊತ್ತಿಗೆ ಮೂವತ್ತು ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಓಡಿಸಿದ್ದರು. ಅವರ ಕಾರಿನ ಬದುಕಿನ ಬಹುಪಾಲು ದೂರದ ಹೆದ್ದಾರಿಗಳಲ್ಲಿ, ತಪ್ಪದ ಆಯಿಲ್ ಬದಲಾವಣೆಯೊಂದಿಗೆ ಕಳೆದಿತ್ತು.

ಆದರೆ ಊರೊಳಗಿನ ಟ್ಯಾಕ್ಸಿಗೆ ಒಂದು ಎಚ್ಚರಿಕೆ ಇದೆ. ಮೀಟರ್ ದೂರವನ್ನು ಎಣಿಸುತ್ತದೆ, ಎಂಜಿನ್ ಓಡಿದ ಗಂಟೆಗಳನ್ನಲ್ಲ. ಮೈಸೂರಿನ ಕಡೆಗೆ ಸರಾಸರಿ 50 ಕಿ.ಮೀ. ವೇಗದಲ್ಲಿ ಓಡಿದರೆ ಎರಡು ಲಕ್ಷ ಕಿಲೋಮೀಟರಿಗೆ 4000 ಗಂಟೆ. ನಾಯಂಡಹಳ್ಳಿ, ಸುಮನಹಳ್ಳಿ, ಗೊರಗುಂಟೆಪಾಳ್ಯದ ದಟ್ಟಣೆಯಲ್ಲಿ ಸರಾಸರಿ 15ರಲ್ಲಿ ತೆವಳಿದರೆ ಅದೇ ದೂರಕ್ಕೆ 13,000 ಗಂಟೆಗೂ ಹೆಚ್ಚು. ಊರೊಳಗೇ ಓಡುವ ಗಾಡಿಯ ಆಯಿಲನ್ನು ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗಿಂತ ಮೊದಲೇ ಬದಲಿಸಬೇಕು ಎನ್ನುವುದು ಇದಕ್ಕೇ.

‘ಜೋರಾಗಿ ಓಡಿಸುವುದು’ ಎಂದರೇನು?

ಎಂಜಿನ್ನಿನ ವೇಗ ಇಮ್ಮಡಿಯಾದರೆ ಪಿಸ್ಟನ್ನನ್ನು ನಿಲ್ಲಿಸಿ ತಿರುಗಿಸುವ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಸದಾ ಕೆಂಪು ಗೆರೆಯ ಹತ್ತಿರ ಓಡಿಸುವುದು ಆಯುಷ್ಯ ತಿನ್ನುತ್ತದೆ ಎಂಬುದು ನಿಜ. ಹಾಗೆಂದು ತೀರ ನಿಧಾನವೂ ಒಳ್ಳೆಯದಲ್ಲ. ಶಿರಾಡಿ ಘಾಟಿಯ ಏರಿನಲ್ಲಿ ಎಂಟು ಜನ ತುಂಬಿದ ಗಾಡಿಯನ್ನು ಗೇರ್ ಇಳಿಸದೆ ಗುಡುಗುಡು ಎನ್ನುತ್ತ ಎಳೆಸಿದರೆ, ಸುತ್ತು ಕಡಿಮೆ, ಭಾರ ಹೆಚ್ಚು. ಎಣ್ಣೆಯ ಪದರ ತೆಳುವಾಗಿ ಬೇರಿಂಗ್ ನರಳುತ್ತದೆ. ಕ್ವಾಲಿಸ್ ಎಂಜಿನ್ ಸುಮಾರು 75 ಅಶ್ವಶಕ್ತಿಯದು. ಗಾತ್ರಕ್ಕೆ ಹೋಲಿಸಿದರೆ ಇದು ಸಣ್ಣ ಶಕ್ತಿ. ತನ್ನ ಕಸುವಿಗಿಂತ ಕಡಿಮೆ ಕೇಳಿಸಿಕೊಂಡ ಎಂಜಿನ್ ಹೆಚ್ಚು ಬಾಳಿತು. ಇಂದು ಒಂದು ಲೀಟರಿನ ಟರ್ಬೋ ಎಂಜಿನ್ನೇ ನೂರು ಅಶ್ವಶಕ್ತಿ ಕೊಡುತ್ತದೆ. ಅದೂ ಬಾಳುತ್ತದೆ, ಆದರೆ ಆಯಿಲಿನ ವಿಷಯದಲ್ಲಿ ಅಸಡ್ಡೆಯನ್ನು ಸಹಿಸುವುದಿಲ್ಲ. ದೂರ ಓಡಿಸಿ ಬಂದ ಮೇಲೆ ಒಂದು ನಿಮಿಷ ಹಾಗೆಯೇ ಚಾಲನೆಯಲ್ಲಿಟ್ಟು ಆಮೇಲೆ ಆರಿಸಿದರೆ ಕಾದ ಟರ್ಬೋದಲ್ಲಿ ಎಣ್ಣೆ ಸುಟ್ಟು ಕರಿಕಟ್ಟುವುದಿಲ್ಲ.

ಇನ್ನು ಶಾಖದ ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಒತ್ತಡದ ಮುಚ್ಚಳ ಸರಿಯಿದ್ದರೆ ಕುದಿಯುವ ಮಟ್ಟ ಇಪ್ಪತ್ತು ಡಿಗ್ರಿಯಷ್ಟು ಮೇಲೇರುತ್ತದೆ. ಆ ಮುಚ್ಚಳದ ರಬ್ಬರ್ ಸವೆದಿದ್ದರೆ ದಟ್ಟಣೆಯಲ್ಲಿ ನಿಂತಲ್ಲೇ ನೀರು ಉಕ್ಕುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಸಣ್ಣ ಮುಚ್ಚಳ, ದೊಡ್ಡ ಬಿಲ್ಲು! ಬೋರ್‌ವೆಲ್ ನೀರು ಸುರಿದರೆ ಒಳಗೆ ಸುಣ್ಣದ ಪದರ ಕಟ್ಟುವುದರಿಂದ ಕೂಲೆಂಟನ್ನೇ ಹಾಕಿಸಿ.

ಧೂಳನ್ನೂ ಮರೆಯಬಾರದು. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು ಹತ್ತು ಸಾವಿರ ಲೀಟರ್ ಗಾಳಿ ಬೇಕು. ರಸ್ತೆಯ ಧೂಳಿನಲ್ಲಿರುವ ಮರಳಿನ ಕಣ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಹರಿದ ಏರ್ ಫಿಲ್ಟರ್ ಎಂದರೆ ಸಿಲಿಂಡರಿಗೆ ಉಪ್ಪುಕಾಗದ ಹಾಕಿ ತಿಕ್ಕಿದಂತೆ.

ಕೊಳ್ಳುವ ಮುನ್ನ, ಹೊರಡುವ ಮುನ್ನ

ಹಳೆಯ ಕಾರು ನೋಡಲು ಬೆಳಿಗ್ಗೆಯೇ ಹೋಗಿ. ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಮಾರುವವರು ನಿಮಗಿಂತ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆಯಾದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ಕೆಸರಿದ್ದರೆ ಎಣ್ಣೆಗೆ ನೀರು ಸೇರಿದೆ. ಎಂಜಿನ್ ಓಡುತ್ತಿರುವಾಗ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಎಂದು ನುಗ್ಗುವುದು ಪಿಸ್ಟನ್ ರಿಂಗು ಸವೆದುದರ ಗುರುತು. ಗ್ಯಾರೇಜಿನಲ್ಲಿ ಕಂಪ್ರೆಶನ್ ಪರೀಕ್ಷೆ ಮಾಡಿಸಿದರೆ ಅನುಮಾನ ಪೂರ್ತಿ ಬಗೆಹರಿಯುತ್ತದೆ. ಮೀಟರನ್ನು ತಿರುಗಿಸಬಹುದು, ಆದರೆ ಸವೆದ ಪೆಡಲ್ ರಬ್ಬರು, ನುಣುಪಾದ ಸ್ಟಿಯರಿಂಗು, ಸರ್ವಿಸ್ ಬಿಲ್ಲುಗಳು ಸುಳ್ಳು ಹೇಳುವುದು ಕಷ್ಟ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಗೆ ಹಳೆಯ ಗಾಡಿಯನ್ನು ಒಯ್ಯುವವರಿಗೆ ಒಂದು ಮಾತು. ಕೆಂಗೇರಿ ದಾಟುವ ತನಕ ತೆವಳಿದ ಎಂಜಿನ್ನು ಮುಂದೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಬೇಕಾಗುತ್ತದೆ. ಹೊರಡುವ ಮೊದಲು ಆಯಿಲ್, ಕೂಲೆಂಟ್, ಹೋಸ್ ಪೈಪು, ಫ್ಯಾನು ನೋಡಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದನ್ನು ಯಾವಾಗ ಬದಲಿಸಿದ್ದು ಎಂದು ಕೇಳಿ ತಿಳಿಯಿರಿ. ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ದಾರಿಯಲ್ಲಿ ಉಷ್ಣತೆಯ ಮುಳ್ಳು ಏರಿದರೆ ಎ.ಸಿ. ಆರಿಸಿ, ಗಾಡಿಯನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆರೆಯಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಆದ್ದರಿಂದ ಎರಡು ಲಕ್ಷ ಎಂಬ ಅಂಕಿಯನ್ನು ಕಂಡ ಕೂಡಲೇ ಬೆನ್ನು ತಿರುಗಿಸಬೇಡಿ, ನಲವತ್ತು ಸಾವಿರ ಎಂಬುದನ್ನು ಕಂಡ ಕೂಡಲೇ ಮುಂಗಡ ಕೊಡಬೇಡಿ. ಆ ಕಿಲೋಮೀಟರುಗಳು ಎಲ್ಲಿ ಓಡಿದವು, ಎಷ್ಟು ಗಂಟೆ ಹಿಡಿದವು, ಆಯಿಲ್ ಎಷ್ಟು ಸಲ ಬದಲಾಯಿತು ಎಂದು ಕೇಳಿ. ಉತ್ತರಕ್ಕೆ ಬಿಲ್ಲುಗಳ ಸಾಕ್ಷಿ ಇದ್ದರೆ ಆ ಗಾಡಿಗೆ ಇನ್ನೂ ಬಾಳಿದೆ.