ಮುಂದಿನ ಶನಿವಾರವಿಲ್ಲದ ಆಟ

ನನ್ನ ಮೇಜಿನ ಮೇಲೆ ಇನ್ನೂರು ಪುಟಗಳ ಒಂದು ನೋಟ್‌ಬುಕ್ಕಿದೆ. 2013ರಲ್ಲಿ ಬ್ಯಾಂಕಿನ ನೌಕರಿಯಿಂದ ನಿವೃತ್ತನಾಗಿ ಹೆಸರಘಟ್ಟಕ್ಕೆ ಬಂದು ನೆಲೆಸಿದ ವರ್ಷ ಅದನ್ನು ಕೊಂಡೆ. ಹೆಸರಘಟ್ಟ ರಸ್ತೆಯ ಒಂದು ಸಣ್ಣ ಎಂಜಿನಿಯರಿಂಗ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಗಳು ಅಂತರ ಕಾಲೇಜು ಪಂದ್ಯಾವಳಿಗಳಲ್ಲಿ ಆಡಿದ ಪಂದ್ಯಗಳೆಲ್ಲವೂ ಅದರಲ್ಲಿ ದಾಖಲಾಗಿವೆ. ದಿನಾಂಕ, ಎದುರಾಳಿ, ಅಂಕಗಳು, ಯಾರು ಎಷ್ಟು ಬುಟ್ಟಿ ಹಾಕಿದರು ಎಂಬ ವಿವರ. ಕಣ್ಣಾರೆ ನೋಡಲಾಗದ ಪಂದ್ಯಗಳ ವಿವರವನ್ನು ಆಟಗಾರರನ್ನೇ ಕೇಳಿ ಬರೆದುಕೊಂಡಿದ್ದೇನೆ. 2024ರ ಕೊನೆಗೆ ಎಣಿಸಿದಾಗ ಹುಡುಗರ ಹಾಗೂ ಹುಡುಗಿಯರ ತಂಡಗಳೆರಡೂ ಸೇರಿ 37 ಪಂದ್ಯಗಳಾಗಿದ್ದವು. ಕೋವಿಡ್‌ನಿಂದಾಗಿ ಖಾಲಿ ಹೋದ ಎರಡು ವರ್ಷಗಳನ್ನು ಬಿಟ್ಟರೂ ಒಂದು ತಂಡಕ್ಕೆ ವರ್ಷಕ್ಕೆ ಎರಡು ಪಂದ್ಯಗಳ ಸರಾಸರಿಯೂ ಬರುವುದಿಲ್ಲ.

ಈ ತಂಡದ ಅಭಿಮಾನಿಗಳು ಎಂದು ಹೇಳಿಕೊಳ್ಳಬಹುದಾದವರು ನಾವು ಮೂವರು. ನಾನು, ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ಮತ್ತು ಕಾಲೇಜಿನ ಎದುರಿಗೆ ಟೀ ಅಂಗಡಿ ಇಟ್ಟುಕೊಂಡಿರುವ ಗೆಳೆಯ. ಮೇಷ್ಟ್ರಿಗೆ ಆಟದ ನಿಯಮಗಳೆಲ್ಲ ಬಾಯಿಪಾಠ. ಅಂಗಡಿಯವನಿಗೆ ನಿಯಮಗಳು ಅಷ್ಟಾಗಿ ತಿಳಿಯವು. ಆದರೆ ಆಡುವ ಹುಡುಗ ಹುಡುಗಿಯರೆಲ್ಲ ಅವನ ಗಿರಾಕಿಗಳೇ. ಯಾರ ಮೊಣಕಾಲು ನೋಯುತ್ತಿದೆ, ಯಾರಿಗೆ ಹಾಜರಾತಿ ಸಾಲದೆ ಬಂದಿದೆ ಎಂಬ ಸುದ್ದಿ ನಮಗೆ ಅವನಿಂದಲೇ ಬರುತ್ತದೆ. ನನ್ನ ಹುಚ್ಚು ಹಳೆಯದು. ಯೌವನದಲ್ಲಿ ಮಲ್ಲೇಶ್ವರದ ಬೀಗಲ್ಸ್, ವಿಜಯಾ ಬ್ಯಾಂಕ್, ಸೇನೆಯ ಎಎಸ್‌ಸಿ ಹಾಗೂ ಎಂಇಜಿ ತಂಡಗಳ ಪಂದ್ಯಗಳನ್ನು ನೋಡಲು ಊರೆಲ್ಲ ಸುತ್ತಿದ್ದವನು ನಾನು. ವಿಜಯಾ ಬ್ಯಾಂಕೇ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮನೆಯ ಹತ್ತಿರವೇ ಒಂದು ಕಾಲೇಜು, ಅದಕ್ಕೊಂದು ಸಿಮೆಂಟಿನ ಅಂಕಣ, ಅಲ್ಲಿ ಸಂಜೆ ಚೆಂಡು ಪುಟಿಯುವ ಸದ್ದು ಇದ್ದದ್ದರಿಂದ ಹಳೆಯ ಹುಚ್ಚು ಮತ್ತೆ ಮೈದೋರಿತು.

ಹೆಸರಘಟ್ಟವೆಂದರೆ ಬೆಂಗಳೂರಿಗರಿಗೆ ನೆನಪಾಗುವುದು ಕೆರೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ರೂಪುಗೊಂಡ ಆ ಜಲಾಶಯ ನಗರಕ್ಕೆ ಕೊಳವೆಯ ನೀರನ್ನು ಕೊಟ್ಟಿತು. ಅನಂತರ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂದಿತು, 1990ರಲ್ಲಿ ಪ್ರೊತಿಮಾ ಬೇಡಿಯವರ ನೃತ್ಯಗ್ರಾಮ ಬಂದಿತು. 2000ದಿಂದೀಚೆಗೆ ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಒಳಗೆ ಚಿಕ್ಕಬಾಣಾವರ, ಸೋಲದೇವನಹಳ್ಳಿಗಳ ಆಸುಪಾಸಿನಲ್ಲಿ ಕಾಲೇಜುಗಳ ಸಾಲೇ ಎದ್ದುನಿಂತಿತು. ಬೆಳಿಗ್ಗೆ ಹಳದಿ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಸಂಜೆ ಸಾಲುಗಟ್ಟಿ ಹೊರಡುತ್ತವೆ. ಈ ನಡುವಿನ ಅವಧಿಯಲ್ಲಿ ಅಲ್ಲಿ ಏನು ನಡೆಯುತ್ತದೆಂಬುದು ಸುತ್ತಲಿನ ಊರಿನವರಿಗೆ ತಿಳಿಯುವುದೇ ಇಲ್ಲ. ಕಾಲೇಜು ಊರಿನಲ್ಲಿದೆ, ಊರಿನದಾಗಿಲ್ಲ.

ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ನನ್ನ ನೋಟ್‌ಬುಕ್ಕು ನನಗೆ ತೋರಿಸಿಕೊಟ್ಟಿದೆ.

ನಮ್ಮಲ್ಲಿ ಕಾಲೇಜು ಕ್ರೀಡೆಯ ವ್ಯವಸ್ಥೆ ಏಣಿಯ ಮಾದರಿಯದು. ವಿಶ್ವವಿದ್ಯಾಲಯ ತನ್ನ ಕಾಲೇಜುಗಳನ್ನು ವಲಯಗಳಾಗಿ ವಿಂಗಡಿಸುತ್ತದೆ. ಯಾವುದಾದರೊಂದು ಕಾಲೇಜು ಪಂದ್ಯಾವಳಿಯ ಆತಿಥ್ಯ ವಹಿಸುತ್ತದೆ. ಅಲ್ಲಿ ಮಿಂಚಿದವರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುತ್ತಾರೆ. ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದಲ್ಲಿ ನಡೆಯುವ ದಕ್ಷಿಣ ವಲಯದ ಪಂದ್ಯಾವಳಿಗೆ ಹೋಗುತ್ತದೆ. ಅಲ್ಲಿ ಮೇಲುಗೈ ಪಡೆದರೆ ಅಖಿಲ ಭಾರತ ಮಟ್ಟ. 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಸೇರಿಕೊಂಡಿದೆ. ಅದರ ಎರಡನೆಯ ಕೂಟ 2022ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಪ್ರತಿಭಾವಂತರನ್ನು ಸೋಸಿ ಮೇಲಕ್ಕೆ ಕಳಿಸಲು ಈ ಏಣಿ ಸಾಕು. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಏಣಿಯ ಮೊದಲ ಮೆಟ್ಟಿಲಿನ ಬಗ್ಗೆ. ಅಲ್ಲಿ ಪಂದ್ಯಗಳು ನಡೆಯುವುದು ಬಹುಪಾಲು ನಾಕೌಟ್ ಪದ್ಧತಿಯಲ್ಲಿ. ಹದಿನಾರು ತಂಡಗಳು ಬಂದರೆ ಹದಿನೈದು ಪಂದ್ಯಗಳಲ್ಲಿ ಎಲ್ಲವೂ ಮುಗಿಯುತ್ತದೆ. ಎರಡು ದಿನ, ಹೆಚ್ಚೆಂದರೆ ಮೂರು ದಿನ. ಎಂಟು ತಂಡಗಳು ಒಂದೇ ಪಂದ್ಯ ಆಡಿ ಬಸ್ಸು ಹತ್ತುತ್ತವೆ. ನಾಕೌಟ್‌ನ ಗಣಿತವೇ ಹಾಗೆ: ಮೊದಲ ಸುತ್ತಿನಲ್ಲಿ ಆಡುವ ಅರ್ಧದಷ್ಟು ತಂಡಗಳ ಪಾಲಿಗೆ ಅದೇ ಕೊನೆಯ ಸುತ್ತು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಬ್ಯಾಸ್ಕೆಟ್‌ಬಾಲ್ ಪಂದ್ಯವೆಂದರೆ ತಲಾ 10 ನಿಮಿಷಗಳ ನಾಲ್ಕು ಅವಧಿಗಳು. ಒಂದೇ ಅಂಕಣದಲ್ಲಿ ಹತ್ತಾರು ಪಂದ್ಯಗಳನ್ನು ಮುಗಿಸುವ ಒತ್ತಡದಲ್ಲಿ ಅದನ್ನೂ ಮೊಟಕುಗೊಳಿಸಿದ್ದನ್ನು ನಾನು ನೋಡಿದ್ದೇನೆ. ವರ್ಷವಿಡೀ ಬೆಳಗಿನ ಆರು ಗಂಟೆಗೆದ್ದು ಅಭ್ಯಾಸ ಮಾಡಿದ ಹನ್ನೆರಡು ಮಂದಿಗೆ ಸಿಗುವುದು ಅರ್ಧ ಗಂಟೆಯ ಆಟ.

ನೋಡುವವರ ಪಾಡೂ ಬೇರೆಯಲ್ಲ. ಪಂದ್ಯ ಎಲ್ಲಿ, ಯಾವಾಗ ಎಂಬುದು ಹಿಂದಿನ ದಿನದವರೆಗೆ ತಿಳಿಯುವುದಿಲ್ಲ. ಒಮ್ಮೆ ನಾನೂ ಮೇಷ್ಟ್ರೂ ಎರಡು ಬಸ್ಸು ಬದಲಿಸಿ ನಗರದ ಇನ್ನೊಂದು ತುದಿಯ ಕಾಲೇಜೊಂದಕ್ಕೆ ಹೋದೆವು. ಮಧ್ಯಾಹ್ನ ಎರಡಕ್ಕೆಂದು ಹೇಳಿದ್ದ ಪಂದ್ಯವನ್ನು ಬೆಳಿಗ್ಗೆ ಹನ್ನೊಂದಕ್ಕೇ ಆಡಿಸಿ ಮುಗಿಸಿದ್ದರು. ಕಾವಲುಗಾರ, ‘ನೀವು ಯಾರ ಕಡೆಯವರು ಸಾರ್?’ ಎಂದು ಕೇಳಿದ. ಯಾರ ಕಡೆಯವರೂ ಅಲ್ಲದೆ ಸುಮ್ಮನೆ ಆಟ ನೋಡಲು ಬಂದವರಿರುತ್ತಾರೆಂಬುದು ಅವನ ಊಹೆಗೆ ಮೀರಿದ ಸಂಗತಿಯಾಗಿತ್ತು.

2017ರ ಚಳಿಗಾಲದಲ್ಲಿ ಮಗಳ ಮನೆಗೆಂದು ಅಮೆರಿಕದ ಒಹಾಯೊ ರಾಜ್ಯಕ್ಕೆ ಹೋಗಿದ್ದೆ. ಅವಳಿರುವ ಸಣ್ಣ ಊರಿನಲ್ಲಿ ಅಷ್ಟೇ ಸಣ್ಣದೊಂದು ಕಾಲೇಜಿದೆ. ಹೊರಗೆ ಹಿಮ ಬೀಳುತ್ತಿದ್ದ ಒಂದು ಶನಿವಾರ ಅಳಿಯ ನನ್ನನ್ನು ಅಲ್ಲಿಯ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಕರೆದೊಯ್ದ. ಒಳಾಂಗಣದಲ್ಲಿ ಐದಾರು ನೂರು ಜನರಿದ್ದರು. ವಿದ್ಯಾರ್ಥಿಗಳು ಅರ್ಧ, ಉಳಿದವರು ಊರಿನ ವೃದ್ಧರು, ಅಂಗಡಿಕಾರರು, ಮಕ್ಕಳನ್ನು ಕಟ್ಟಿಕೊಂಡು ಬಂದ ಸಂಸಾರಸ್ಥರು. ಪಂದ್ಯದ ಗುಣಮಟ್ಟ ನಮ್ಮ ಒಳ್ಳೆಯ ವಿಶ್ವವಿದ್ಯಾಲಯ ತಂಡಗಳಿಗಿಂತ ಬಹಳ ಮೇಲೇನೂ ಇದ್ದಂತೆ ತೋರಲಿಲ್ಲ. ಅವರ ಕಾಲೇಜು ಸೋತಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರಿಗೆ ಸಮಾಧಾನ ಹೇಳಬೇಕೆನಿಸಿತು. ಅವರು ಕೋಟು ಹಾಕಿಕೊಳ್ಳುತ್ತಾ, ಮುಂದಿನ ಶನಿವಾರ ನೋಡೋಣ ಎಂದು ನಕ್ಕು ಹೊರಟರು.

ಅಲ್ಲಿಯ ವ್ಯವಸ್ಥೆಯನ್ನು ಅಳಿಯ ವಿವರಿಸಿದ. ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎಯಲ್ಲಿ ಮೂರು ವಿಭಾಗಗಳಿವೆ. ಮೂರನೆಯ ವಿಭಾಗದಲ್ಲಿ 400ಕ್ಕೂ ಹೆಚ್ಚು ಕಾಲೇಜುಗಳಿದ್ದು, ಕ್ರೀಡಾ ವಿದ್ಯಾರ್ಥಿವೇತನ ಕೊಡಲು ಅಲ್ಲಿ ಅವಕಾಶವಿಲ್ಲ. ಆಡುವವರು ಓದಲು ಬಂದವರು. ನೆರೆಹೊರೆಯ ಎಂಟು ಹತ್ತು ಕಾಲೇಜುಗಳು ಸೇರಿ ಒಂದು ಕೂಟ ಕಟ್ಟಿಕೊಳ್ಳುತ್ತವೆ. ಅದಕ್ಕೆ ಅವರು ಕಾನ್ಫರೆನ್ಸ್ ಎನ್ನುತ್ತಾರೆ. ಸಾಮಾನ್ಯವಾಗಿ ಕೂಟದ ಪ್ರತಿ ಕಾಲೇಜೂ ಉಳಿದ ಪ್ರತಿ ಕಾಲೇಜಿನೊಂದಿಗೆ ಎರಡು ಬಾರಿ ಆಡುತ್ತದೆ: ಒಮ್ಮೆ ತನ್ನ ಅಂಗಳದಲ್ಲಿ, ಇನ್ನೊಮ್ಮೆ ಅವರ ಅಂಗಳದಲ್ಲಿ. ಹೊರಗಿನ ಕಾಲೇಜುಗಳ ಜತೆಗಿನ ಪಂದ್ಯಗಳೂ ಸೇರಿದರೆ ಒಂದು ತಂಡಕ್ಕೆ ಒಂದು ಋತುವಿನಲ್ಲಿ ಸುಮಾರು 25 ಪಂದ್ಯಗಳು. ನನ್ನ ನೋಟ್‌ಬುಕ್ಕಿನ 37 ಪಂದ್ಯಗಳನ್ನು ಅಲ್ಲಿಯ ಎರಡು ತಂಡಗಳು ಒಂದೇ ಚಳಿಗಾಲದಲ್ಲಿ ಆಡಿ ಮುಗಿಸಿಬಿಡುತ್ತವೆ.

ಕೂಟದ ಚಾಂಪಿಯನ್ನರಿಗೆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಸ್ಥಾನ ಮೀಸಲು. ಹಾಗೆ ಬಂದ ಸಣ್ಣವರು ದೊಡ್ಡವರನ್ನು ಬೀಳಿಸುವುದೂ ಉಂಟು. ಮೊದಲ ವಿಭಾಗದಲ್ಲಿ 2022ರಲ್ಲಿ ಸೇಂಟ್ ಪೀಟರ್ಸ್ ಎಂಬ ಪುಟ್ಟ ವಿಶ್ವವಿದ್ಯಾಲಯ ತನ್ನ ಗುಂಪಿನಲ್ಲಿ 15ನೇ ಶ್ರೇಯಾಂಕದ ತಂಡವಾಗಿ ಬಂದು ಕೊನೆಯ ಎಂಟರ ಹಂತಕ್ಕೇರಿತು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಎಲ್ಲವೂ ಅನುಕರಣೀಯ ಎಂದು ನಾನು ಹೇಳುವುದಿಲ್ಲ. ಮೇಲಿನ ಹಂತದಲ್ಲಿ ಅದು ಕೋಟ್ಯಂತರ ಡಾಲರುಗಳ ವ್ಯಾಪಾರ. ಆದರೆ ತಳದಲ್ಲಿರುವ ಆ ನೆರೆಹೊರೆಯ ಕೂಟದಲ್ಲಿ ಹಣಕ್ಕಿಂತ ಮುಖ್ಯವಾದದ್ದೊಂದು ಇದೆ. ಸೋತವರಿಗೂ ಮುಂದಿನ ಶನಿವಾರವಿದೆ.

ಋತುವೆಂಬ ಈ ಕಲ್ಪನೆ ನಮಗೆ ಹೊಸದಲ್ಲ. ಕರಾವಳಿಯಲ್ಲಿ ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಪತ್ತನಾಜೆಯವರೆಗೆ ಅಭಿಮಾನಿಗಳು ತಮ್ಮ ಮೇಳ ಇಂದು ಎಲ್ಲಿ, ನಾಳೆ ಎಲ್ಲಿ ಎಂದು ಲೆಕ್ಕವಿಟ್ಟುಕೊಂಡಿರುತ್ತಾರೆ. ಕಂಬಳದ ಕೋಣಗಳಿಗೂ ಋತುವಿದೆ. ನವೆಂಬರಿನಿಂದ ಬೇಸಗೆಯವರೆಗೆ ವಾರದಿಂದ ವಾರಕ್ಕೆ ಒಂದು ಊರಿನಿಂದ ಇನ್ನೊಂದು ಊರಿಗೆ, ಹಗ್ಗದ ವಿಭಾಗದಲ್ಲಿ ಯಾರ ಜೋಡಿ ಗೆದ್ದಿತು, ನೇಗಿಲಿನಲ್ಲಿ ಯಾರದು ಹಿಂದೆ ಬಿತ್ತು ಎಂದು ಬಾಯಿಂದ ಬಾಯಿಗೆ ಸುದ್ದಿ ಹರಿಯುತ್ತದೆ. 2023ರ ನವೆಂಬರಿನಲ್ಲಿ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಬೆಂಗಳೂರಿಗರು ಮುಗಿಬಿದ್ದು ನೋಡಿದರು. ಆದರೆ ಕರಾವಳಿಯವನ ಪಾಲಿಗೆ ಕಂಬಳದ ಸೊಗಸು ಒಂದು ದಿನದ ಓಟದಲ್ಲಿ ಮಾತ್ರ ಇರುವುದಿಲ್ಲ. ಕಳೆದ ವಾರ ಸೋತ ಜೋಡಿ ಈ ವಾರ ಏನು ಮಾಡೀತು ಎಂಬ ನಿರೀಕ್ಷೆಯೇ ಅವನನ್ನು ರಾತ್ರಿಯಿಡೀ ಕರೆಯ ಬದಿಯಲ್ಲಿ ನಿಲ್ಲಿಸುತ್ತದೆ. ಅಭಿಮಾನ ಹುಟ್ಟಲು ಒಂದು ಗೆಲುವು ಸಾಕು. ಅದು ಬೇರೂರಲು ಮತ್ತೆ ಮತ್ತೆ ಭೇಟಿಯಾಗಬೇಕು.

ಹಾಗಾದರೆ ಹೆಸರಘಟ್ಟ ರಸ್ತೆಗೇ ಒಂದು ಕೂಟ ಏಕಿರಬಾರದು? ಹತ್ತು ಕಿಲೊಮೀಟರಿನ ಒಳಗಿರುವ ಆರು ಕಾಲೇಜುಗಳು ಒಪ್ಪಿದರೆ ಸಾಕು. ಪ್ರತಿ ತಂಡವೂ ಉಳಿದ ಐದು ತಂಡಗಳೊಂದಿಗೆ ಎರಡೆರಡು ಬಾರಿ ಆಡಿದರೆ ಒಂದು ತಂಡಕ್ಕೆ ಹತ್ತು ಪಂದ್ಯಗಳು, ಒಟ್ಟು ಮೂವತ್ತು. ಶನಿವಾರಕ್ಕೆ ಮೂರರಂತೆ ಹತ್ತು ಶನಿವಾರಗಳಲ್ಲಿ ಮುಗಿಯುತ್ತದೆ. ವಿಶ್ವವಿದ್ಯಾಲಯದ ನಾಕೌಟ್ ತನ್ನ ಪಾಡಿಗೆ ತಾನು ನಡೆಯಲಿ.

ಇದನ್ನು ಕೆಲವು ಪ್ರಾಧ್ಯಾಪಕರ ಮುಂದೆ ಇಟ್ಟಾಗ ಬಂದ ಆಕ್ಷೇಪಗಳು ಹಗುರವಾದವೇನೂ ಅಲ್ಲ. ಸೆಮಿಸ್ಟರ್ ಪದ್ಧತಿಯಲ್ಲಿ ಪಾಠ ಮುಗಿಸಲಿಕ್ಕೇ ಸಮಯ ಸಾಲದು ಎಂದರು. ನಿಜ, ಆದರೆ ಈಗಿನ ಪಂದ್ಯಾವಳಿಗಾಗಿಯೇ ಹುಡುಗರು ವಾರದ ನಡುವೆ ತರಗತಿಗಳನ್ನು ಕಳೆದುಕೊಳ್ಳುತ್ತಾರೆ. ಶನಿವಾರ ಸಂಜೆಯ ಪಂದ್ಯಕ್ಕೆ ಆ ನಷ್ಟವಿಲ್ಲ. ಮಳೆ ಬಂದರೆ ಬಯಲು ಅಂಕಣದ ಗತಿಯೇನು ಎಂದರು. ಅಕ್ಟೋಬರ್, ನವೆಂಬರ್‌ಗಳ ಹಿಂಗಾರು ಕಳೆದು ಫೆಬ್ರವರಿಯಲ್ಲಿ ಆರಂಭಿಸಿದರೆ ಆ ಭಯ ಕಡಿಮೆ. ಖರ್ಚಿನ ಮಾತೂ ಬಂದಿತು. ಆತಿಥ್ಯವೆಂದರೆ ಊಟ, ವಸತಿ, ಶಾಮಿಯಾನ, ಉದ್ಘಾಟನೆ, ಸ್ಮರಣಿಕೆ ಎಂದು ನಾವು ಅಂದುಕೊಂಡಿರುವುದರಿಂದ ಅದು ಹೊರೆಯಾಗಿದೆ. ಪಕ್ಕದ ಊರಿನ ಕಾಲೇಜು ಸಂಜೆ ಬಂದು ಆಡಿ ಹೋಗುವುದಕ್ಕೆ ಬೇಕಾದದ್ದು ಇಬ್ಬರು ತೀರ್ಪುಗಾರರು, ಅಂಕ ಮತ್ತು ಸಮಯ ನೋಡಲು ಕೆಲವರು, ಕುಡಿಯುವ ನೀರು. ಹಳದಿ ಬಸ್ಸುಗಳಂತೂ ಆವರಣದಲ್ಲಿಯೇ ನಿಂತಿರುತ್ತವೆ. ಇಷ್ಟರ ಜತೆಗೆ ಬೇಕಾದ ಇನ್ನೊಂದೆಂದರೆ, ಗೇಟಿನಲ್ಲಿ ಪಂದ್ಯಗಳ ವೇಳಾಪಟ್ಟಿಯನ್ನು ಅಂಟಿಸಿ ಊರಿನವರನ್ನು ಒಳಗೆ ಬಿಡುವ ಮನಸ್ಸು.

ನಾಕೌಟ್ ಒಳ್ಳೆಯವರನ್ನು ಆರಿಸಬಲ್ಲುದು, ಅವರನ್ನು ತಯಾರು ಮಾಡಲಾರದು. ಈ ಆಟವನ್ನು ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ರೂಪಿಸಿದ್ದು ಚಾಂಪಿಯನ್ನರನ್ನು ಹುಡುಕಲಿಕ್ಕಲ್ಲ. ಚಳಿಗಾಲದಲ್ಲಿ ಮಾಡಲು ಕೆಲಸವಿಲ್ಲದೆ ಬೇಸತ್ತ ವಿದ್ಯಾರ್ಥಿಗಳು ಒಳಾಂಗಣದಲ್ಲಿ ಸೇರಿ ಆಡಲೆಂದು. ಪೀಚ್ ಹಣ್ಣಿನ ಎರಡು ಬುಟ್ಟಿಗಳಿಂದ ಆರಂಭವಾದ ಆ ಉದ್ದೇಶ ಸೋಲುವ ತಂಡಗಳಿಗೂ ಅನ್ವಯಿಸುತ್ತದೆ. ದೇಶದ ತಂಡಕ್ಕೆ ಆಡುವವರು ಕೆಲವರೇ. ಉಳಿದ ಸಾವಿರಾರು ಮಂದಿಗೆ ಕಾಲೇಜೇ ಕೊನೆಯ ಅಂಕಣ.

ನಮ್ಮ ಬೀದಿಯ ಹುಡುಗಿಯೊಬ್ಬಳು ಈ ತಂಡದಲ್ಲಿದ್ದಳು. ತಂದೆ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರು. ಮುಂಜಾನೆ ಕತ್ತಲಿನಲ್ಲಿ ಚೆಂಡು ಹಿಡಿದು ಹೋಗುವ ಮಗಳ ಬಗ್ಗೆ ಮನೆಯಲ್ಲಿ ಅಸಮಾಧಾನವಿತ್ತು; ಕ್ರಮೇಣ ಅದು ಹೆಮ್ಮೆಯಾಯಿತು. ಕೊನೆಯ ವರ್ಷದ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಅವಳ ತಂಡ ಮೂರು ಅಂಕಗಳಿಂದ ಸೋತಿತು. ಅವಳೊಬ್ಬಳೇ 14 ಅಂಕ ಗಳಿಸಿದ್ದಳು. ತಂದೆ ಅಂದು ಮೊದಲ ಬಾರಿಗೆ ರಜೆ ಹಾಕಿ ಮಗಳ ಆಟ ನೋಡಲು ಬಂದಿದ್ದರು. ಪಂದ್ಯ ಮುಗಿದ ಮೇಲೆ ನನ್ನ ಬಳಿ ಬಂದು, ‘ಚೆನ್ನಾಗಿ ಆಡ್ತಾಳಲ್ವಾ ಸಾರ್? ಮುಂದಿನ ಮ್ಯಾಚ್ ಯಾವಾಗ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಬೂಟಿನ ಲೇಸು ಬಿಚ್ಚುತ್ತಿದ್ದ ಹುಡುಗಿಯೇ ತಲೆಯೆತ್ತಿ, ‘ಇಲ್ಲಪ್ಪಾ, ಮುಗೀತು’ ಎಂದಳು.

ನಾಲ್ಕು ವರ್ಷಗಳಲ್ಲಿ ಅವಳು ಆಡಿದ ಅಂತರ ಕಾಲೇಜು ಪಂದ್ಯಗಳು ಏಳು. ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ಆ ಏಳೂ ಇವೆ. ಅವಳೀಗ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾಳೆ. ಸಿಕ್ಕಾಗಲೆಲ್ಲ, ‘ಅಂಕಲ್, ಈ ವರ್ಷ ನಮ್ಮ ಟೀಮ್ ಹೇಗಿದೆ?’ ಎಂದು ಕೇಳುತ್ತಾಳೆ. ತಂದೆಯೂ ಕೇಳುತ್ತಾರೆ. ಒಂದೇ ಪಂದ್ಯ ನೋಡಿದ ಅವರು ಈಗ ನಮ್ಮ ಗುಂಪಿನ ನಾಲ್ಕನೆಯವರು. ಅವರಿಗೆ ಹೇಳಲು ನನ್ನಲ್ಲಿ ಒಂದು ವೇಳಾಪಟ್ಟಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ನೋಟ್‌ಬುಕ್ಕಿನಲ್ಲಿ ಇನ್ನೂ ಸಾಕಷ್ಟು ಹಾಳೆಗಳು ಉಳಿದಿವೆ.